ದೆಹಲಿಯ ಚಳಿಗಿಂತ ಕಲಬುರಗಿಯ ಬಿಸಿಲೇ ನನಗೆ ಏಕೆ ಮೇಲು

ಶಿವಮೊಗ್ಗದವರಾದ ನಿಮಗೆ ಬ್ಯಾಂಕಿನ ವರ್ಗಾವಣೆಯಲ್ಲಿ ದೆಹಲಿ ಮತ್ತು ಕಲಬುರಗಿ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಬಂದಿದೆ, ಎಪ್ಪತ್ತು ದಾಟಿದ ತಾಯಿಯವರೂ ನಿಮ್ಮೊಡನೆ ಬರುವವರಿದ್ದಾರೆ, ಉತ್ತರದ ಚಳಿಯನ್ನೂ ನಮ್ಮ ಕಡೆಯ ಬಿಸಿಲನ್ನೂ ಕಂಡವರಿಗೆ ಯಾವುದು ಹಿತವೆನಿಸಿತು ಎಂದು ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಕಲಬುರಗಿಯಲ್ಲಿ. 2013ರಿಂದ 2021ರವರೆಗೆ ಕೆಲಸದ ನಿಮಿತ್ತ ದೆಹಲಿಯಲ್ಲಿದ್ದು ಎಂಟು ಚಳಿಗಾಲಗಳನ್ನು ಅಲ್ಲಿ ಕಳೆದೆ. ನನಗೆ ಬಿಸಿಲೇ ಹಿತ. ಹುಟ್ಟೂರಿನ ಮೋಹದಿಂದ ಹೀಗೆ ಹೇಳುತ್ತಿಲ್ಲ. ಕಾರಣಗಳನ್ನು ಬಿಡಿಸಿ ಬರೆಯುತ್ತೇನೆ, ನಿಮಗೆ ಹೊಂದುತ್ತವೆಯೇ ಎಂದು ನೀವೇ ನೋಡಿಕೊಳ್ಳಿ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಉತ್ತರವೆಂದರೆ ಚಳಿ, ದಕ್ಷಿಣವೆಂದರೆ ಬಿಸಿಲು ಎಂದುಕೊಂಡು ದೆಹಲಿಗೆ ಹೋದವರು ಮೇ ತಿಂಗಳಲ್ಲಿ ಬೆಚ್ಚಿಬೀಳುತ್ತಾರೆ. ರಾಜಸ್ಥಾನದ ಕಡೆಯಿಂದ ಬೀಸುವ ‘ಲೂ’ ಎಂಬ ಬಿಸಿಗಾಳಿ ಅಲ್ಲಿಯೂ ಉಷ್ಣಾಂಶವನ್ನು 44–45 ಡಿಗ್ರಿಗೆ ಏರಿಸುತ್ತದೆ. ನಮ್ಮಲ್ಲಿ ಜೂನ್ ಮೊದಲ ವಾರಗಳಲ್ಲಿ ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ತಂಪಾಗುವ ಹೊತ್ತಿಗೆ ದೆಹಲಿ ಇನ್ನೂ ಕಾಯುತ್ತಲೇ ಇರುತ್ತದೆ, ಏಕೆಂದರೆ ಮುಂಗಾರು ಅಲ್ಲಿಗೆ ಮುಟ್ಟುವುದು ಜೂನ್ ಕೊನೆಗೆ. ಆದ್ದರಿಂದ ನೀವು ಆರಿಸಿಕೊಳ್ಳುತ್ತಿರುವುದು ಚಳಿ ಅಥವಾ ಬಿಸಿಲನ್ನಲ್ಲ. ಬಿಸಿಲೊಂದೇ ಇರುವ ಊರನ್ನು ಅಥವಾ ಬಿಸಿಲು, ಚಳಿ ಎರಡೂ ಇರುವ ಊರನ್ನು.

ಇನ್ನು ಆ ಚಳಿಯ ವಿಷಯ. ನಿಜವಾದ ಕೊರೆಯುವ ಚಳಿ ದೆಹಲಿಯಲ್ಲಿ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ, ಹೆಚ್ಚೆಂದರೆ ಆರೇಳು ವಾರ. ರಾತ್ರಿಯ ಉಷ್ಣಾಂಶ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ಅಂಕಿಯನ್ನು ಮಾತ್ರ ನೋಡಿದರೆ ಇದು ಯುರೋಪಿನ ಚಳಿಯ ಮುಂದೆ ಏನೂ ಅಲ್ಲವೆನಿಸುತ್ತದೆ. ಆದರೆ ಆ ದೇಶಗಳಲ್ಲಿ ಚಳಿ ಮನೆಯ ಹೊರಗಿರುತ್ತದೆ, ದೆಹಲಿಯಲ್ಲಿ ಮನೆಯೊಳಗಿರುತ್ತದೆ. ಅಲ್ಲಿಯ ಮನೆಗಳನ್ನು ಕಟ್ಟಿರುವುದು ಬೇಸಿಗೆಯನ್ನು ತಾಳುವುದಕ್ಕಾಗಿ: ಒಂದೇ ಪದರದ ಇಟ್ಟಿಗೆ ಗೋಡೆ, ಸಂದುಬಿಟ್ಟ ಕಿಟಕಿ ಬಾಗಿಲು, ಅಮೃತಶಿಲೆಯ ಅಥವಾ ಮೊಸಾಯಿಕ್ ನೆಲ. ಮನೆಯನ್ನೆಲ್ಲ ಬೆಚ್ಚಗಿಡುವ ಏರ್ಪಾಡು ಎಲ್ಲಿಯೂ ಇಲ್ಲ. ಒಂದು ಕೋಣೆಯಲ್ಲಿ ಹೀಟರ್ ಇದ್ದರೆ ಆ ಕೋಣೆ ಬಿಟ್ಟು ಅಡುಗೆಮನೆಗೆ ಕಾಲಿಡುವುದೇ ಒಂದು ಸಾಹಸ. ಬಡವರು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ ಹಚ್ಚಿಕೊಂಡು ಮಲಗಿ, ಕಾರ್ಬನ್ ಮೊನಾಕ್ಸೈಡ್ ತುಂಬಿ, ಬೆಳಗಾಗುವಷ್ಟರಲ್ಲಿ ಉಸಿರು ಬಿಟ್ಟ ಸುದ್ದಿಯಿಲ್ಲದೆ ಅಲ್ಲಿ ಒಂದು ಚಳಿಗಾಲವೂ ಕಳೆಯುವುದಿಲ್ಲ.

2019ರ ಡಿಸೆಂಬರಿನಲ್ಲಿ ಅವ್ವ ನನ್ನ ಬಳಿಗೆ ಬಂದಿದ್ದಳು. ಆ ತಿಂಗಳ 30ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಗರಿಷ್ಠ ಉಷ್ಣಾಂಶ 9.4 ಡಿಗ್ರಿ. ಗಮನಿಸಿ, ಇದು ರಾತ್ರಿಯದಲ್ಲ, ಹಗಲಿನದು. ಜೋಳದ ಹೊಲದಲ್ಲಿ ಬರಿಗಾಲಿನಲ್ಲಿ ನಡೆದು ಬದುಕು ಕಳೆದವಳು ಎರಡು ಜೊತೆ ಕಾಲುಚೀಲ ಹಾಕಿಕೊಂಡು ಮಂಚದ ಮೇಲೆ ಕುಳಿತು, “ಈ ಊರಾಗ ನೆಲಾ ಸೈತ ಮುಟ್ಟಗೊಡಂಗಿಲ್ಲಲ್ಲೋ ತಮ್ಮಾ” ಎಂದಳು. ಅವಳ ಮೊಣಕಾಲುಗಳು ಬಿಗಿದುಕೊಂಡವು, ರಕ್ತದೊತ್ತಡ ಏರಿತು. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುವುದರಿಂದ ವಯಸ್ಸಾದವರಲ್ಲಿ ಹೀಗಾಗುವುದು ಸಹಜವೆಂದು ವೈದ್ಯರು ಹೇಳಿದರು. ನಾಲ್ಕು ದಿನ ಸೂರ್ಯನ ಮುಖ ಕಾಣಲಿಲ್ಲ. ನನ್ನ ಎಂಟು ಚಳಿಗಾಲಗಳಲ್ಲಿ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಥಂಡಿಯಲ್ಲ, ಈ ಸೂರ್ಯನಿಲ್ಲದ ಹಗಲು.

ಅದಕ್ಕೆ ಕಾರಣವೂ ಇದೆ. ಡಿಸೆಂಬರ್ ಕೊನೆಯಲ್ಲಿ ದೆಹಲಿಯ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 38 ಡಿಗ್ರಿ ಮಾತ್ರ ಮೇಲೇರುತ್ತಾನೆ. ಕಲಬುರಗಿಯಲ್ಲಿ ಅದೇ ದಿನ ಸುಮಾರು 49 ಡಿಗ್ರಿ ಏರುತ್ತಾನೆ. ಪಶ್ಚಿಮದ ಕಡೆಯಿಂದ ಬರುವ ಮಾರುತಗಳು ಒಂದಿಷ್ಟು ಮಳೆ ಸುರಿಸಿ ಹೋದ ಮೇಲೆ ಒದ್ದೆಯಾದ ನೆಲ, ಉದ್ದನೆಯ ರಾತ್ರಿ, ಅಲುಗಾಡದ ಗಾಳಿ ಮೂರೂ ಕೂಡಿ ಮಂಜನ್ನು ಹುಟ್ಟಿಸುತ್ತವೆ. ನೆಲಕ್ಕೆ ಹತ್ತಿದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇರುವುದರಿಂದ ಊರಿನ ಹೊಗೆ ಮೇಲೇರಲಾಗದೆ ಮುಚ್ಚಳ ಹಾಕಿದ ಪಾತ್ರೆಯೊಳಗೆ ಇದ್ದಂತೆ ಕೆಳಗೇ ಉಳಿಯುತ್ತದೆ. ಬಿಳಿಯ ಮಂಜು ಬೂದುಬಣ್ಣಕ್ಕೆ ತಿರುಗಿ ಗಂಟಲಿಗೆ ಇಳಿಯುತ್ತದೆ. ಚಳಿಯನ್ನು ಮೆಚ್ಚುವವರು ಹೇಳುವ ತಿಳಿಯಾದ ಗಾಳಿ ಹಿಮಾಚಲದಲ್ಲಿ ಸಿಕ್ಕೀತು, ದೆಹಲಿಯಲ್ಲಿ ಆ ವಾರಗಳಲ್ಲಿ ಸಿಕ್ಕುವುದಿಲ್ಲ.

ದೆಹಲಿಯ ಫೆಬ್ರುವರಿ ಮಾತ್ರ ನನಗೆ ಇಂದಿಗೂ ನೆನಪಾಗುತ್ತದೆ. ಮಂಜು ಸರಿದು, ತಾರಸಿಯ ಮೇಲೆ ಚಾರಪಾಯಿ ಹಾಕಿಕೊಂಡು, ಕಿತ್ತಳೆ ಸುಲಿಯುತ್ತ, ಹುರಿದ ಶೇಂಗಾ ತಿನ್ನುತ್ತ ಬೆನ್ನಿಗೆ ಬಿಸಿಲು ಕಾಯಿಸಿಕೊಳ್ಳುವ ಸುಖ ನಮ್ಮ ಕಡೆ ಇಲ್ಲ. ಅಲ್ಲಿಯ ಕೆಂಪು ಗಜ್ಜರಿಯ ಹಲ್ವಾ, ಸಾಸಿವೆ ಸೊಪ್ಪಿನ ಸಾಗ್ ಆ ಹವೆಯಲ್ಲಿಯೇ ರುಚಿ.

ಈಗ ನಮ್ಮ ಬಿಸಿಲು. ಅದನ್ನು ಕಡಿಮೆ ಮಾಡಿ ಹೇಳಿ ನಿಮ್ಮನ್ನು ಕರೆತರುವ ಉದ್ದೇಶ ನನಗಿಲ್ಲ. ಹೋಳಿ ಹುಣ್ಣಿಮೆಯ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಬಿಸಿಲು ಶುರುವಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ 42, 43 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಎರಡೂ ಸಮುದ್ರಗಳಿಂದ ದೂರವಿರುವ, ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಬಿದ್ದಿರುವ ಬಯಲು ಇದು. ಕಪ್ಪು ಎರೆಮಣ್ಣು ಬಿಸಿಲನ್ನು ಹೀರಿಕೊಳ್ಳುತ್ತದೆ. ತೊಗರಿ, ಜೋಳ, ಕಡಲೆಯ ರಾಶಿ ಮುಗಿದ ಮೇಲೆ ನೆಲದಲ್ಲಿ ತೇವವೇ ಉಳಿಯದ ಕಾರಣ ಸೂರ್ಯನ ಶಾಖವೆಲ್ಲ ನೇರವಾಗಿ ಗಾಳಿಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಮೇ ಎರಡನೆಯ ವಾರದಲ್ಲಿ ಸೂರ್ಯ ನಮ್ಮ ನಡುನೆತ್ತಿಯ ಮೇಲೆ ನಿಲ್ಲುತ್ತಾನೆ, ನೆಟ್ಟ ಕಂಬಕ್ಕೂ ಆಗ ನೆರಳಿರುವುದಿಲ್ಲ. ಆಗಸ್ಟ್ ಮೊದಲ ವಾರದಲ್ಲಿಯೂ ಅವನು ಹಾಗೆ ನಿಲ್ಲುತ್ತಾನೆ, ಆದರೆ ಆಗ ಮೋಡ ನಮ್ಮನ್ನು ಕಾಯುತ್ತದೆ. ಕರ್ಕಾಟಕ ವೃತ್ತದ ಆಚೆಗಿರುವ ದೆಹಲಿಗೆ ಸೂರ್ಯ ನೆತ್ತಿಯ ಮೇಲೆ ಎಂದೂ ಬರುವುದಿಲ್ಲ.

ಹಾಗಿದ್ದೂ ಈ ಬಿಸಿಲು ಸಹಿಸುವಂಥದು, ಏಕೆಂದರೆ ಇದು ಒಣ ಬಿಸಿಲು. ಬೆವರು ಬಂದೊಡನೆ ಆರುತ್ತದೆ, ಆರುವಾಗ ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ತಾಪಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ನೋಡಿದರೆ ಇದು ತಿಳಿಯುತ್ತದೆ: 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇಕಡ 20 ತೇವಾಂಶ ಇದ್ದಾಗ ಅದು ಸುಮಾರು 24 ಡಿಗ್ರಿ ತೋರಿಸುತ್ತದೆ, ಕರಾವಳಿಯಲ್ಲಿ 34 ಡಿಗ್ರಿ, ಶೇಕಡ 70 ತೇವಾಂಶ ಇದ್ದಾಗ ಸುಮಾರು 29 ತೋರಿಸುತ್ತದೆ. ಮೈ ತಣ್ಣಗಾಗಲು ಸಿಗುವ ಅವಕಾಶವನ್ನು ಲೆಕ್ಕ ಹಾಕಿದರೆ ನೆರಳಿನಲ್ಲಿ ಕುಳಿತವನಿಗೆ ಮಂಗಳೂರಿಗಿಂತ ಕಲಬುರಗಿ ವಾಸಿ. ಇದೇ ತತ್ತ್ವದ ಮೇಲೆ ನಮ್ಮ ಬೇಸಿಗೆಯ ಬಾಳ್ವೆಯೆಲ್ಲ ನಿಂತಿದೆ. ಹಿತ್ತಲ ನೆರಳಿನಲ್ಲಿಟ್ಟ ರಂಜಣಗಿಯ (ಮಣ್ಣಿನ ಹರವಿಯ) ನೀರು ಫ್ರಿಜ್ಜಿನ ಹಂಗಿಲ್ಲದೆ ತಣ್ಣಗಿರುತ್ತದೆ. ಏರ್ ಕೂಲರಿಗೆ ನೀರು ತುಂಬಿ ಕಿಟಕಿ ಸ್ವಲ್ಪ ತೆರೆದಿಟ್ಟರೆ ಕೋಣೆ ತಂಪಾಗುತ್ತದೆ. ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಹೊರಡುವ ಅಭ್ಯಾಸವೂ ಇದರಿಂದಲೇ ಬಂದದ್ದು.

ಬಿಸಿಲಿಗೆ ವೇಳೆ ಇದೆ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ. ಹನ್ನೊಂದರಿಂದ ಐದರವರೆಗೆ ಅದರ ಕಾಲ. ಅದರ ಆಚೆ ಈಚೆ ನಮ್ಮ ಕಾಲ. ಸರಕಾರವೇ ಇದನ್ನು ಒಪ್ಪಿಕೊಂಡು ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ರಾಜ್ಯ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1:30ರವರೆಗೆ ಬದಲಿಸುತ್ತದೆ. (ಬ್ಯಾಂಕಿನವರಾದ ನಿಮಗೆ ಈ ಅನುಕೂಲ ಸಿಗುವುದಿಲ್ಲ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.) ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಜೋಳದ ಅಂಬಲಿ ಅಥವಾ ಮಜ್ಜಿಗೆ ಕುಡಿದು, ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿದು, ಶಹಾಬಾದ ಕಲ್ಲಿನ ನೆಲದ ಮೇಲೆ ಹಾಸಿಗೆಯಿಲ್ಲದೆ ಮಲಗುತ್ತೇವೆ. ಅವ್ವನಿಗೆ ದೆಹಲಿಯಲ್ಲಿ ಮುಟ್ಟಗೊಡದ ನೆಲ ಇಲ್ಲಿ ಅವಳನ್ನು ಕರೆಯುತ್ತದೆ. ದಪ್ಪ ಗೋಡೆಯ, ಮಣ್ಣು ಹಾಕಿದ ಹಳೆಯ ಮಾಳಿಗೆ ಮನೆಗಳಲ್ಲಿ ಹೊರಗಿನ ಶಾಖ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ, ಆಗ ಜನ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಸಿರುತ್ತಾರೆ. ಒಣ ಗಾಳಿ ಶಾಖವನ್ನು ಹಿಡಿದಿಡದ ಕಾರಣ ನಡುರಾತ್ರಿಯ ಹೊತ್ತಿಗೆ ಒಂದು ತಂಗಾಳಿ ಬಂದೇ ಬರುತ್ತದೆ. ದೆಹಲಿಯ ಜನವರಿಯಲ್ಲಿ ಇಂಥ ಬಿಡುವು ದಿನದ ಯಾವ ಗಳಿಗೆಯಲ್ಲಿಯೂ ನನಗೆ ಸಿಗಲಿಲ್ಲ.

ಆದರೆ ಇಷ್ಟೆಲ್ಲ ಹೇಳುವುದು ನೆರಳಿರುವವನ ಮಾತು. ಶಹಾಬಾದ, ಚಿತ್ತಾಪುರದ ಕಡೆ ಕಲ್ಲಿನ ಗಣಿಯಲ್ಲಿ ನಿಂತು ಕೆಲಸ ಮಾಡುವವರಿಗೆ, ಮಧ್ಯಾಹ್ನ ರಸ್ತೆಗೆ ಡಾಂಬರು ಹಾಕುವವರಿಗೆ, ತಗಡಿನ ಛಾವಣಿಯ ಕೆಳಗೆ ಮಗುವನ್ನು ಮಲಗಿಸುವ ತಾಯಿಗೆ ಈ ಬಿಸಿಲು ಆಯ್ಕೆಯಲ್ಲ, ಶಿಕ್ಷೆ. ಅವರ ಮುಂದೆ ನಿಂತು ಬಿಸಿಲು ಹಿತವೆಂದು ಹೇಳುವ ಅಧಿಕಾರ ನನಗಿಲ್ಲ. ನಮ್ಮ ಊರೂ ಬದಲಾಗಿದೆ. ಮಾಳಿಗೆ ಮನೆಗಳನ್ನು ಕೆಡವಿ ಕಟ್ಟಿದ ಕಾಂಕ್ರೀಟ್ ಮನೆಗಳ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿಯೆಲ್ಲ ಉಗುಳುತ್ತದೆ. ಬೇವಿನ ಮರಗಳಿದ್ದ ರಸ್ತೆಗಳು ಅಗಲವಾಗಿ ಬೋಳಾಗಿವೆ. ನಾನು ಮೇಲೆ ಹೊಗಳಿದ ರಾತ್ರಿ ಹಳೆಯ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಇದ್ದಷ್ಟು ಹೊಸ ಬಡಾವಣೆಗಳಲ್ಲಿ ಇಲ್ಲ.

ಚಳಿಯೇ ಬೇಕೆನಿಸಿದರೆ ನಮ್ಮಲ್ಲಿಯೂ ಮೈಗೆ ಹಿತವಾಗುವಷ್ಟು ಇದೆ. ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿ, ಕೆಂಪು ಜಂಬಿಟ್ಟಿಗೆಯ ಬಯಲಿನ ಮೇಲಿರುವ ಬೀದರಿನಲ್ಲಿ ಬೇಸಿಗೆಯೂ ಒಂದೆರಡು ಡಿಗ್ರಿ ಕಡಿಮೆ, ಡಿಸೆಂಬರ್–ಜನವರಿಯ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಹಿಂಗಾರಿಯ ಬಿಳಿಜೋಳ ಎರೆಹೊಲದಲ್ಲಿ ಉಳಿದ ತೇವವನ್ನು ನೆಚ್ಚಿಕೊಂಡು ಆ ಚಳಿಯಲ್ಲಿಯೇ ತೆನೆ ಕಟ್ಟುತ್ತದೆ. ಎಳ್ಳಮಾಸಿಯ (ಎಳ್ಳ ಅಮಾವಾಸ್ಯೆಯ) ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ (ಭೂತಾಯಿಗೆ ಎಡೆಯನ್ನು ಹೊಲದಲ್ಲಿ ಚೆಲ್ಲಿ), ಎಳೆಬಿಸಿಲಿನಲ್ಲಿ ಎಲ್ಲರೂ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುವಾಗಿನ ಹವೆಗೆ ಸಮನಾದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಜನವರಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ ನಾನು ಭೋಪಾಲಿನಲ್ಲಿ ಟೊಪ್ಪಿಗೆ, ಮನಮಾಡದಲ್ಲಿ ಸ್ವೆಟರ್ ಕಳಚಿ, ಸೊಲ್ಲಾಪುರ ದಾಟುವ ಹೊತ್ತಿಗೆ ಬರಿಯ ಅಂಗಿಯಲ್ಲಿ ಬಾಗಿಲ ಬಳಿ ನಿಲ್ಲುತ್ತಿದ್ದೆ.

ನಿಮ್ಮ ತಾಯಿಯವರ ದೃಷ್ಟಿಯಿಂದ ಕೆಲವು ಮಾತು. ಕಲಬುರಗಿಯನ್ನು ಆರಿಸಿಕೊಂಡರೆ ಮೇಲಂತಸ್ತಿನ ಮನೆ ಬೇಡ. ಸ್ಲ್ಯಾಬಿನ ಮೇಲೆ ಇನ್ನೊಂದು ಅಂತಸ್ತು ಇರುವ ಮನೆಯನ್ನೇ ಹುಡುಕಿರಿ, ಅವರ ಕೋಣೆ ಪಶ್ಚಿಮದ ಗೋಡೆಗೆ ಹೊಂದಿಕೊಂಡಿರುವುದು ಬೇಡ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ, ಆದ್ದರಿಂದ ಕೇಳಲಿ ಬಿಡಲಿ, ಗಂಟೆಗೊಮ್ಮೆ ನೀರು ಕೊಡಬೇಕು. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಸಿಗೆಗೆ ಮೊದಲು ವೈದ್ಯರನ್ನು ಕಾಣಿರಿ. ಬಿಸಿಲಿನಲ್ಲಿ ಮಾತು ತೊದಲಿ, ಮೈ ಸುಡುತ್ತಿದ್ದರೆ ಮನೆಮದ್ದಿಗೆ ಕಾಯದೆ ಮೈಯನ್ನು ತೋಯಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಹೊಸ ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕಾಗುತ್ತದೆ, ಮಲೆನಾಡಿನಿಂದ ನೇರವಾಗಿ ಏಪ್ರಿಲಿನಲ್ಲಿ ಬಂದಿಳಿದರೆ ಆ ಕಾಲಾವಕಾಶ ಸಿಗುವುದಿಲ್ಲ. ವರ್ಗಾವಣೆಯ ಆದೇಶ ಬೇಸಿಗೆಯಲ್ಲಿ ಬಂದರೆ ನೀವು ಮೊದಲು ಬಂದು ಮನೆ ನೋಡಿಡಿ, ತಾಯಿಯವರನ್ನು ಮಿರಗದ ಮಳೆ ಬಿದ್ದ ಮೇಲೆ ಕರೆತನ್ನಿ.