ಮಣೆ ಸೀಳಿದರೆ ಮಕ್ಕಳ ಕೈಯನ್ನು ದೂರಬೇಡಿ

ಹೈಸ್ಕೂಲಿನ ಮರಗೆಲಸ ಮತ್ತು ವಸ್ತು ವಿನ್ಯಾಸದ ತರಗತಿಗಳ ಬಗ್ಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ನಿಲ್ಲುವುದೇ ಇಲ್ಲ. ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ಒಂಬತ್ತನೇ ತರಗತಿಯವರಿಂದ ಆಗಸ್ಟ್‌ನಲ್ಲಿ ಅಕೇಶಿಯಾ ಹಲಗೆಯ ಊಟದ ಮಣೆ ಮಾಡಿಸಿದೆವು. ಕೆಳಗಿನ ಎರಡು ಅಡ್ಡಪಟ್ಟಿಗಳಿಗೆ ಅಂಟು ಹಾಕಿ ಮೊಳೆಯನ್ನೂ ಹೊಡೆದಿದ್ದೆವು. ಮಾರ್ಚ್ ಹೊತ್ತಿಗೆ ಹೆಚ್ಚಿನ ಮಣೆಗಳು ಉದ್ದಕ್ಕೂ ಸೀಳಿವೆ. ಮರ ಒಣಗಿರಲಿಲ್ಲವೇ, ಮಕ್ಕಳ ಕೆಲಸ ಸರಿಯಿರಲಿಲ್ಲವೇ? (ಶಿಕ್ಷಕರು, ಹೊಸನಗರ ತಾಲ್ಲೂಕು)

ಮೇಷ್ಟ್ರೇ, ಮಕ್ಕಳ ಕೆಲಸ ಸರಿಯಾಗಿಯೇ ಇತ್ತು. ತಪ್ಪಿರುವುದು ನೀವು ಕೊಟ್ಟ ವಿನ್ಯಾಸದಲ್ಲಿ. ಅಂಟು ಮತ್ತು ಮೊಳೆ ಎರಡೂ ಬಿಗಿಯಾಗಿ ಹಿಡಿದದ್ದರಿಂದಲೇ ಹಲಗೆ ಸೀಳಿತು.

ಮರ ಎಷ್ಟೇ ಒಣಗಿದ್ದರೂ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ನಮ್ಮ ಮಳೆಗಾಲದಲ್ಲಿ ನೆರಳಿನಲ್ಲಿಟ್ಟ ಹಲಗೆಯ ತೇವಾಂಶ ಶೇ 18ರ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಶೇ 11ಕ್ಕೆ ಇಳಿಯುತ್ತದೆ. ತೇವಾಂಶ ಶೇ 1ರಷ್ಟು ಇಳಿದರೆ ಹಲಗೆಯ ಅಗಲ ಸುಮಾರು ಶೇ 0.2ರಷ್ಟು ಕುಗ್ಗುತ್ತದೆ. ನಿಮ್ಮ ಮಣೆಯ ಅಗಲ 300 ಮಿ.ಮೀ. ಇದ್ದರೆ ಒಟ್ಟು 4 ಮಿ.ಮೀ.ಗೂ ಹೆಚ್ಚು. ಆದರೆ ಮರದ ನಾರಿನ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಪಟ್ಟಿಯ ಎಳೆ ಓಡುವುದು ಮಣೆಯ ಅಗಲದ ದಿಕ್ಕಿಗೆ. ಹಲಗೆ ಕುಗ್ಗಬೇಕು, ಪಟ್ಟಿ ಬಿಡುವುದಿಲ್ಲ. ಎಳೆಗಳ ನಡುವೆ ಎಲ್ಲಿ ಬಲ ಕಡಿಮೆಯೋ ಅಲ್ಲಿ ಹಲಗೆ ಬಾಯಿ ಬಿಡುತ್ತದೆ.

‘ಚೆನ್ನಾಗಿ ಸೀಸನ್ ಆದ ಮರ ಅಲುಗುವುದಿಲ್ಲ’ ಎಂದು ಮರದ ಅಂಗಡಿಯವರು ಹೇಳುವುದನ್ನು ನಂಬಬೇಡಿ. ಒಣಗಿಸಿದರೆ ಹಸಿ ಮರದ ದೊಡ್ಡ ಕುಗ್ಗುವಿಕೆ ಮುಗಿಯುತ್ತದೆ. ಋತುವಿನಿಂದ ಋತುವಿಗೆ ಆಗುವ ಚಲನೆ ಮುಗಿಯುವುದಿಲ್ಲ. ವಾರ್ನಿಷ್ ಅದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಅಮಾವಾಸ್ಯೆಗೆ ಕಡಿದ ಮರವೂ ಇಷ್ಟೇ ಕುಗ್ಗುತ್ತದೆ.

ಇನ್ನು ಸರಿಯಾದ ಕ್ರಮ. 150 ಮಿ.ಮೀ. ಅಗಲ, 22 ಮಿ.ಮೀ. ದಪ್ಪದ ಎರಡು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿ. ಇಲ್ಲಿ ಅಂಟು ಧಾರಾಳವಾಗಿ ಹಾಕಬಹುದು, ಏಕೆಂದರೆ ಎರಡೂ ಒಂದೇ ದಿಕ್ಕಿಗೆ ಕುಗ್ಗುತ್ತವೆ. ಮಳೆಗಾಲದಲ್ಲಿ ಕ್ಲ್ಯಾಂಪ್ 24 ಗಂಟೆ ಬಿಚ್ಚಬೇಡಿ. ತೇವದ ಹಲಗೆಯಲ್ಲಿ ಬಿಳಿ ಅಂಟು ಬಹಳ ತಡವಾಗಿ ಗಟ್ಟಿಯಾಗುತ್ತದೆ.

ಅಡ್ಡಪಟ್ಟಿಗಳು 270 ಮಿ.ಮೀ. ಉದ್ದ, 35 ಅಗಲ, 30 ಎತ್ತರ ಇರಲಿ. ಪ್ರತಿ ಪಟ್ಟಿಗೆ ಮೂರು ಸ್ಕ್ರೂ: ಒಂದು ನಟ್ಟನಡುವೆ, ಉಳಿದೆರಡು ಅದರಿಂದ 110 ಮಿ.ಮೀ. ದೂರದಲ್ಲಿ ಆಚೀಚೆ. ಪಟ್ಟಿಯ ತಳದಿಂದ 12 ಮಿ.ಮೀ. ಡ್ರಿಲ್ ಬಿಟ್‌ನಲ್ಲಿ 10 ಮಿ.ಮೀ. ಆಳದ ಗುಂಡಿ ಮೊದಲು ತೆಗೆಯಿರಿ, ಇಲ್ಲದಿದ್ದರೆ ಸ್ಕ್ರೂ ತಲೆ ನೆಲ ಗೀರುತ್ತದೆ. ನಡುವಿನ ಗುಂಡಿಯಲ್ಲಿ 5 ಮಿ.ಮೀ. ದುಂಡು ತೂತು ಸಾಕು. ತುದಿಗಳಲ್ಲಿ ಮಾತ್ರ ಗುಂಡಿಯನ್ನೂ ತೂತನ್ನೂ ಪಟ್ಟಿಯ ಉದ್ದದ ದಿಕ್ಕಿಗೆ ಎಳೆಯಬೇಕು: 5 ಮಿ.ಮೀ. ಅಂತರದಲ್ಲಿ ಎರಡೆರಡು ಸಲ ಕೊರೆದು, ನಡುವೆ ಉಳಿದದ್ದನ್ನು ಸಣ್ಣ ಉಳಿಯಿಂದ ಬಿಡಿಸಿದರೆ ತೂತು 10 ಮಿ.ಮೀ. ಉದ್ದವಾಗುತ್ತದೆ. 8 ನಂಬರಿನ, 35 ಮಿ.ಮೀ. ಸ್ಕ್ರೂ, ತಲೆಯಡಿ ವಾಷರ್. ಹಲಗೆಯಲ್ಲಿ 3 ಮಿ.ಮೀ. ಬಿಟ್‌ನಿಂದ 14 ಮಿ.ಮೀ. ಆಳ ಮಾತ್ರ ಮುಂಗೊರೆಯಿರಿ. ಬಿಟ್‌ಗೆ ಬಣ್ಣದ ಟೇಪು ಸುತ್ತಿ ಆಳ ಗುರುತು ಮಾಡದಿದ್ದರೆ ಯಾವುದಾದರೂ ಮಗು ಮಣೆಯ ಮೇಲ್ಮೈವರೆಗೂ ಕೊರೆದೇ ಕೊರೆಯುತ್ತದೆ.

ಮಳೆಗಾಲದಲ್ಲಿ ಜೋಡಿಸುವುದಾದರೆ ತುದಿಯ ಸ್ಕ್ರೂಗಳು ಉದ್ದ ತೂತಿನ ಹೊರಬದಿಗೆ ಇರಲಿ. ಬೇಸಿಗೆಯಲ್ಲಿ ಒಳಕ್ಕೆ ಸರಿಯಲು ಜಾಗ ಬೇಕು. ಬೇಸಿಗೆಯಲ್ಲಿ ಜೋಡಿಸಿದರೆ ಒಳಬದಿಗೆ. ವಾಷರ್ ಕಚ್ಚುವಷ್ಟು ಬಿಗಿ ಮಾಡಿ ನಿಲ್ಲಿಸಿ. ಪಟ್ಟಿಗೂ ಹಲಗೆಗೂ ನಡುವೆ ಅಂಟಿನ ಒಂದು ಹನಿಯೂ ಬೀಳಬಾರದು.

ಇದನ್ನು ಬೋರ್ಡಿನ ಮೇಲೆ ಬರೆದು ಕಂಠಪಾಠ ಮಾಡಿಸಬೇಡಿ. ಜುಲೈಯಲ್ಲೇ ಅದೇ ಹಲಗೆಯಿಂದ 150 ಮಿ.ಮೀ.ನ ಎರಡು ಪಟ್ಟಿ ಕತ್ತರಿಸಿ, ಒಂದು ಎಳೆಯ ಉದ್ದಕ್ಕೆ, ಇನ್ನೊಂದು ಎಳೆಗೆ ಅಡ್ಡಲಾಗಿ. ಗೋಡೆಗೆ ನೇತುಹಾಕಿ, ತಿಂಗಳಿಗೊಮ್ಮೆ ಮಕ್ಕಳೇ ಅಳೆದು ದಿನಾಂಕದೊಂದಿಗೆ ಬರೆಯಲಿ. ಮಾರ್ಚ್‌ನಲ್ಲಿ ಅಡ್ಡ ಕತ್ತರಿಸಿದ್ದು ಸುಮಾರು 2 ಮಿ.ಮೀ. ಕುಗ್ಗಿರುತ್ತದೆ, ಇನ್ನೊಂದು ಹಾಗೇ ಇರುತ್ತದೆ. ಆ ಅಳತೆಗಳನ್ನು ಮುಂದಿಟ್ಟು ‘ಮಣೆಗೆ ಅಡ್ಡಪಟ್ಟಿ ಹೇಗೆ ಕೂರಿಸುತ್ತೀರಿ?’ ಎಂದು ಕೇಳಿ. ಉದ್ದ ತೂತಿನ ಉಪಾಯ ಮಕ್ಕಳಿಂದಲೇ ಬರಬೇಕು. ವಿನ್ಯಾಸದ ಪಾಠ ಅಲ್ಲಿ ನಡೆಯುತ್ತದೆ. ಮಣೆಗೆ ಬಣ್ಣ ಎಷ್ಟು ಚೆಂದ ಬಂದಿದೆ ಎಂದು ಅಂಕ ಕೊಡುವ ಪದ್ಧತಿಯನ್ನು ದಯವಿಟ್ಟು ಬಿಡಿ.

ಪ್ರಶ್ನೆ: ಹುಳ ಹಿಡಿಯದಂತೆ ಹಲಗೆಗೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯಲು ಒಬ್ಬರು ಹೇಳಿದ್ದಾರೆ. ಬಳಿಯಬಹುದೇ?

ಖಂಡಿತ ಬೇಡ. ಅದರಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳಿರುತ್ತವೆ, ಚರ್ಮಕ್ಕೆ ತಾಗುತ್ತವೆ. ಮಕ್ಕಳು ಕೂರುವ, ಉಣ್ಣುವ ಮಣೆಗೆ ಇದನ್ನು ಬಳಿಯಲು ಹೇಳುವವರನ್ನು ಶಾಲೆಯ ಒಳಗೇ ಬಿಡಬೇಡಿ. ಕುಟ್ಟೆ ಹುಳ ಬರುವುದು ಮುಖ್ಯವಾಗಿ ಚೇಗು (ನಡುವಿನ ಗಟ್ಟಿ ಭಾಗ) ಇಲ್ಲದ ಬಿಳಿ ಭಾಗಕ್ಕೆ. ಅದನ್ನು ಕತ್ತರಿಸಿ ತೆಗೆಯಿರಿ.

ಪ್ರಶ್ನೆ: ಅಟಲ್ ಟಿಂಕರಿಂಗ್ ಲ್ಯಾಬಿನ ತ್ರೀಡಿ ಪ್ರಿಂಟರ್ ಮಳೆಗಾಲದಲ್ಲಿ ಚಟಚಟ ಸದ್ದು ಮಾಡುತ್ತದೆ, ತಂತಿ ತುಂಡಾಗುತ್ತದೆ. ಮೆಷಿನ್ ಹಾಳಾಗಿದೆಯೇ?

ಮೆಷಿನ್ ಬಿಚ್ಚುವ ಮೊದಲು ತಂತಿಯನ್ನು ನೋಡಿ. ಆ ತಂತಿಯ ಪ್ಲಾಸ್ಟಿಕ್ ಆದ ಪಿಎಲ್ಎ ಕೂಡ ನೀರು ಹೀರುತ್ತದೆ. ಬಿಸಿ ಮೂತಿಯಲ್ಲಿ ಆ ನೀರು ಆವಿಯಾಗಿ ಸಿಡಿಯುವ ಸದ್ದು ಅದು. 45–50 ಡಿಗ್ರಿಯಲ್ಲಿ 4ರಿಂದ 6 ಗಂಟೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. 60 ದಾಟಿದರೆ ಸುರುಳಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಣಗಿಸಿದ ಮೇಲೂ ಮುರಿಯುವ ತಂತಿಯನ್ನು ಎಸೆಯಿರಿ.

ಪ್ರಶ್ನೆ: ಶ್ರೀಗಂಧ ಕೆತ್ತುವ ಸಾಗರದ ಗುಡಿಗಾರರಂತೆ ಎಂಟನೇ ತರಗತಿಯಿಂದಲೇ ಕೆತ್ತನೆ ಕಲಿಸಬಹುದೇ?

ಮೊದಲು ಚಿತ್ರ ಬಿಡಿಸುವುದು, ಉಳಿ ಸಾಣೆ ಹಿಡಿಯುವುದು ಬರಲಿ. ಶ್ರೀಗಂಧದ ಮಾತು ತರಗತಿಯಲ್ಲಿ ಬೇಡ.

ಪ್ರಶ್ನೆ: ಕೈ ಕೊಯ್ದುಕೊಳ್ಳದಂತೆ ಮಕ್ಕಳಿಗೆ ಮೊಂಡು ಉಳಿ ಕೊಡುತ್ತೇವೆ, ಡ್ರಿಲ್ ಮೆಷಿನ್ ಹತ್ತಿರ ಕೈಗವಸು ಹಾಕಿಸುತ್ತೇವೆ. ಸರಿಯೇ?

ಎರಡೂ ಅಪಾಯ. ಮೊಂಡು ಉಳಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅದು ಜಾರುವುದು. 25 ಡಿಗ್ರಿಗೆ ಮಸೆದು, ಬಾಯಿಯನ್ನು 30 ಡಿಗ್ರಿಗೆ ಸಾಣೆ ಹಿಡಿಯಿರಿ. ಮರವನ್ನು ಕ್ಲ್ಯಾಂಪಿಗೆ ಕಟ್ಟಿ, ಎರಡೂ ಕೈ ಉಳಿಯ ಬಾಯಿಯ ಹಿಂದೆಯೇ ಇರಲಿ. ತಿರುಗುವ ಬಿಟ್ ಕೈಗವಸನ್ನು ಸುತ್ತಿಕೊಂಡು ಬೆರಳನ್ನೂ ಎಳೆದುಕೊಳ್ಳುತ್ತದೆ. ಇವತ್ತೇ ತೆಗೆಸಿ. ದುಪಟ್ಟಾ, ಬಿಚ್ಚಿದ ಜಡೆ, ಕೈದಾರಕ್ಕೂ ಇದೇ ನಿಯಮ.