ಟರ್ಕಿಯ ಕಸೂತಿ: ಬಟ್ಟೆ ತಿರುಗಿಸಿ ನೋಡಿ

ಪ್ರಶ್ನೆ: ಮಗಳು ಇಸ್ತಾಂಬುಲ್‌ನ ಹಳೇ ಸಾಮಾನಿನ ಅಂಗಡಿಯಿಂದ ಟವೆಲ್ಲಿನಂಥ ಉದ್ದನೆಯ ತೆಳು ಬಟ್ಟೆ ತಂದಿದ್ದಾಳೆ. ಎರಡು ತುದಿಯಲ್ಲಿ ಮಾತ್ರ ಹೂವಿನ ಕಸೂತಿ, ನಡುವೆ ಪೂರ್ತಿ ಖಾಲಿ. ಹಿಂದೆ ಮುಂದೆ ಒಂದೇ ಥರ ಇದೆ. ನಮ್ಮ ಧಾರವಾಡದ ಕಸೂತಿಗೂ ಇದಕ್ಕೂ ಸಂಬಂಧ ಇದೆಯಾ? ಯಾತಕ್ಕೆ ಬಳಸುತ್ತಿದ್ದರು?
– ಓದುಗರು, ಧಾರವಾಡ

ಉತ್ತರ: ನೀವು ಹೇಳುವುದನ್ನು ನೋಡಿದರೆ ಅದು ಪೆಷ್ಕಿರ್. ಊಟಕ್ಕೆ ಕೂತಾಗ ತೊಡೆ ಮೇಲೆ ಹಾಸಿಕೊಳ್ಳುವುದಕ್ಕೆ, ಕೈ ಒರೆಸಿಕೊಳ್ಳುವುದಕ್ಕೆ ಇದ್ದ ಬಟ್ಟೆ. ಅಗಲ ಒಂದು ಗೇಣಿನಷ್ಟೇ ಇದ್ದರೆ ಅದು ಉಚ್ಕುರ್ ಇರಬಹುದು, ಅಂದರೆ ಷಲ್ವಾರ್ ಕಟ್ಟುವ ಲಾಡಿ. ಲಾಡಿಗೂ ಇಷ್ಟು ಚೆಂದದ ಕೆಲಸವಾ ಅನ್ನಬೇಡಿ, ಅದರ ತುದಿಗಳು ಮುಂದೆ ಇಳಿಬಿದ್ದು ಎಲ್ಲರ ಕಣ್ಣಿಗೂ ಕಾಣುತ್ತಿದ್ದವು. ಪೆಷ್ಕಿರ್‌ದೂ ಅದೇ ಲೆಕ್ಕ. ಒರೆಸುವುದು ನಡುಭಾಗದಲ್ಲಿ, ಕಾಣುವುದು ತುದಿ. ನೇತುಬಿದ್ದ ತುದಿ ಗಾಳಿಗೆ ತಿರುಗಿದರೂ ಹಿಂಬದಿ ಅಸಹ್ಯವಾಗಿ ಕಾಣಬಾರದು, ಅದಕ್ಕೇ ಎರಡೂ ಮಗ್ಗುಲು ಒಂದೇ ಥರ ಹೊಲಿದಿದ್ದಾರೆ.

ಧಾರವಾಡದಿಂದ ಅಲ್ಲಿಗೆ ಹೋದದ್ದಲ್ಲ, ಅಲ್ಲಿಂದ ಇಲ್ಲಿಗೆ ಬಂದದ್ದೂ ಅಲ್ಲ. ಆದರೆ ಕೆಲಸ ಮಾಡುವ ರೀತಿ ತುಂಬ ಹತ್ತಿರ. ಹೆಸಾಪ್ ಇಶಿ ಅನ್ನುವ ಅವರ ಹೊಲಿಗೆಯಲ್ಲೂ ಬಟ್ಟೆಯ ಎಳೆ ಎಣಿಸಿಕೊಂಡೇ ಸೂಜಿ ಹಾಕಬೇಕು. ನಮ್ಮ ಗವಂತಿ, ಮುರ್ಗಿ ಹೊಲಿಗೆಗಳಲ್ಲೂ ಹಿಂದೆ ಮುಂದೆ ಒಂದೇ ಅಲ್ವಾ? ವ್ಯತ್ಯಾಸ ಚಿತ್ರದಲ್ಲಿದೆ. ನಮ್ಮದು ಗೆರೆಯ ಕೆಲಸ, ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ. ಅವರು ರೇಷ್ಮೆಯಲ್ಲಿ ಒಳಗೆಲ್ಲ ಬಣ್ಣ ತುಂಬುತ್ತಾರೆ. ಟ್ಯೂಲಿಪ್, ಕಾರ್ನೇಷನ್, ಹಯಸಿಂತ್, ಗುಲಾಬಿ ಜಾಸ್ತಿ, ಅದೂ 16ನೇ ಶತಮಾನದ ಆಟೊಮನ್ ಅರಮನೆಯ ಚಿತ್ರಗಾರರ ಕಾಲದಿಂದ ಬಂದ ಅಭಿರುಚಿ. ಆಮೇಲಿನ ಕಾಲದ ಬಟ್ಟೆಗಳಲ್ಲಿ ಮನೆ, ಮಸೀದಿ, ಡೇರೆ, ದೋಣಿಗಳೂ ಬರುತ್ತವೆ.

1718ರಲ್ಲಿ ಇಂಗ್ಲಿಷ್ ರಾಯಭಾರಿಯ ಹೆಂಡತಿ ಲೇಡಿ ಮೇರಿ ಮಾಂಟೆಗ್ಯು ಇಸ್ತಾಂಬುಲ್‌ನಲ್ಲಿ, ತೀರಿಹೋದ ಸುಲ್ತಾನನೊಬ್ಬನ ಹೆಂಡತಿ ಹಫೀಸೆಯ ಮನೆಗೆ ಊಟಕ್ಕೆ ಹೋಗಿದ್ದರು. ಅಲ್ಲಿ ಕೊಟ್ಟ ಕೈವಸ್ತ್ರಗಳಲ್ಲಿ ರೇಷ್ಮೆ, ಚಿನ್ನದ ದಾರದ ಹೂಗಳು ಎಷ್ಟು ಚೆನ್ನಾಗಿದ್ದವೆಂದರೆ ಒರೆಸಿಕೊಳ್ಳುವುದಕ್ಕೇ ಮನಸ್ಸು ಬರಲಿಲ್ಲ ಅಂತ ಅವರು ತಂಗಿಗೆ ಪತ್ರ ಬರೆದಿದ್ದಾರೆ. ಅರಮನೆ ಮಾತ್ರ ಅಲ್ಲ, ಊರೂರಿನ ಹೆಣ್ಣುಮಕ್ಕಳು ಮದುವೆಯ ಪೆಟ್ಟಿಗೆಗಾಗಿ ಚಿಕ್ಕಂದಿನಿಂದಲೇ ಇವನ್ನು ಹೊಲಿದು ಇಡುತ್ತಿದ್ದರು. ನಿಮ್ಮ ಕೈಯಲ್ಲಿರುವುದೂ ಅಂಥ ಒಬ್ಬಳ ಕೆಲಸವೇ ಇರಬಹುದು, ದಯವಿಟ್ಟು ಅದನ್ನು ಕತ್ತರಿಸಿ ಕುಶನ್ ಕವರ್ ಮಾಡಬೇಡಿ.

ಪ್ರಶ್ನೆ: ಟರ್ಕಿ ಹೆಂಗಸರ ತಲೆವಸ್ತ್ರದ ಅಂಚಿನಲ್ಲಿ ಪುಟ್ಟ ಪುಟ್ಟ ಹೂವು ಇರುತ್ತದಲ್ಲ, ಅದು ಕ್ರೋಶೆನಾ? ಒಂದೊಂದು ಹೂವಿಗೂ ಒಂದೊಂದು ಅರ್ಥ ಇದೆ ಅಂತಾರೆ, ನಿಜವೇ?
– ಓದುಗರು, ಮೈಸೂರು

ಉತ್ತರ: ಅದರ ಹೆಸರು ಓಯಾ. ಕ್ರೋಶೆ ಕಡ್ಡಿಯಲ್ಲೂ ಮಾಡುತ್ತಾರೆ, ಮಣಿ ಪೋಣಿಸಿಯೂ ಮಾಡುತ್ತಾರೆ. ಆದರೆ ಹೆಚ್ಚು ಬೆಲೆ ಇರುವುದು ಬರೀ ಹೊಲಿಗೆ ಸೂಜಿಯಲ್ಲಿ, ಒಂದೊಂದೇ ಗಂಟು ಹಾಕಿ ಕಟ್ಟಿದ ಓಯಾಗೆ. ನಲ್ಲಿಹಾನ್, ಓಡೆಮಿಶ್ ಊರುಗಳು ಇದಕ್ಕೆ ಹೆಸರುವಾಸಿ. ಕ್ರೋಶೆಯ ದಾರ ತುಂಡಾಗಿ ಎಳೆದರೆ ಸರಸರ ಬಿಚ್ಚಿಕೊಳ್ಳುತ್ತದೆ, ಸೂಜಿಯದ್ದರಲ್ಲಿ ಪ್ರತಿ ಗಂಟೂ ತನ್ನಷ್ಟಕ್ಕೆ ಬಿಗಿ, ಬಿಚ್ಚುವುದಿಲ್ಲ. ಅಂಗಡಿಯಲ್ಲಿ ಎಳೆದು ನೋಡಲಾಗುವುದಿಲ್ಲ, ಭೂತಗನ್ನಡಿ ಹಿಡಿದು ಗಂಟಿನ ಸಣ್ಣ ಸಣ್ಣ ಬಲೆ ಕಾಣುತ್ತದೆಯಾ ನೋಡಿ.

ಅರ್ಥದ ವಿಷಯಕ್ಕೆ ಬಂದರೆ, ಹೌದು, ಅಂಥ ರೂಢಿ ಇತ್ತು. ಗಂಡನ ಮೇಲೆ ಸಿಟ್ಟಿದ್ದ ಹೆಂಡತಿ ಕೆಂಪು ಮೆಣಸಿನಕಾಯಿ ಓಯಾ ಕಟ್ಟಿಕೊಳ್ಳುತ್ತಿದ್ದಳು ಅನ್ನುತ್ತಾರೆ. ಹುಲ್ಲುಗಾವಲಿನ ಓಯಾ ಅತ್ತೆಗೆ ಕೊಟ್ಟರೆ ನಮ್ಮಿಬ್ಬರ ನಡುವೆ ಎಲ್ಲ ಚೆನ್ನಾಗಿದೆ ಅಂತ, ಗೋರಿಕಲ್ಲಿನ ಓಯಾ ಕೊಟ್ಟರೆ ಇಬ್ಬರ ನಡುವಿನ ಮಾತು ಮುಗಿಯಿತು ಅಂತ. ಬಾಯಿಬಿಟ್ಟು ಹೇಳಲಾಗದ ಸೊಸೆಗೆ ಇದೊಂದು ದಾರಿ. ಹಾಗಂತ ಎಲ್ಲ ಓಯಾಗೂ ಒಂದು ಗುಟ್ಟು ಇದೆ ಅಂತ ನಂಬಬೇಡಿ. ಊರಿಂದ ಊರಿಗೆ ಹೆಸರು ಬದಲಾಗುತ್ತದೆ, ಎಷ್ಟೋ ಹೂವುಗಳನ್ನು ಚೆಂದಕ್ಕೇ ಸುಮ್ನೆ ಕಟ್ಟಿರುತ್ತಾರೆ. ಅಂದಹಾಗೆ ಇದು ಹೆಂಗಸರದ್ದು ಮಾತ್ರ ಅಲ್ಲ. ಪಶ್ಚಿಮ ಟರ್ಕಿಯ ಎಫೆಗಳು, ಅಂದರೆ ಬೆಟ್ಟದ ಆ ಬಂಡುಕೋರ ವೀರರು, ಟೋಪಿಯ ಸುತ್ತ ಬಣ್ಣಬಣ್ಣದ ಓಯಾ ಸುತ್ತಿಕೊಂಡೇ ಓಡಾಡುತ್ತಿದ್ದರು.

ಪ್ರಶ್ನೆ: ತಂಗಿಯ ಮೆಹೆಂದಿಗೆ ಟರ್ಕಿಯ ‘ಬಿಂದಲ್ಲಿ’ ಅನ್ನುವ ಉಡುಪು ತರಿಸಬೇಕೆಂದಿದ್ದೇವೆ. ಕೈಕೆಲಸದ್ದು ಅಂತ ಹೇಗೆ ತಿಳಿಯುವುದು? ಒಗೆಯಬಹುದಾ?
– ಓದುಗರು, ಬೆಂಗಳೂರು

ಉತ್ತರ: ಒಳ್ಳೆಯ ಆಯ್ಕೆ. ಅಲ್ಲಿಯೂ ಅದನ್ನು ಮದುವೆಗೆ ಮುಂಚಿನ ಮದರಂಗಿ ರಾತ್ರಿಗೇ ಉಡುತ್ತಾರೆ. ನೇರಳೆ ಅಥವಾ ಕಡುಗೆಂಪು ಮಖಮಲ್ಲು, ಮೇಲೆಲ್ಲ ಬಳ್ಳಿಗಳು. ಹಳೆಯ ಕ್ರಮದಲ್ಲಿ ಚಿತ್ರವನ್ನು ದಪ್ಪ ಕಾಗದದಲ್ಲಿ ಕತ್ತರಿಸಿ ಬಟ್ಟೆ ಮೇಲೆ ಕೂರಿಸಿ, ಅದರ ಮೇಲೆ ಜರಿದಾರವನ್ನು ಅತ್ತಿಂದಿತ್ತ ಹಾಯಿಸಿ, ಮೇಣ ಹಚ್ಚಿದ ದಾರದಿಂದ ಕೆಳಗಿನಿಂದ ಕಟ್ಟುತ್ತಾರೆ. ಮರಾಶ್ ಊರು ಈ ಕೆಲಸಕ್ಕೆ ಪ್ರಸಿದ್ಧ. ಜರಿ ಬಟ್ಟೆಯ ಮೇಲೇ ಉಳಿಯುತ್ತದೆ, ಆದ್ದರಿಂದ ಒಳಮಗ್ಗುಲು ತಿರುಗಿಸಿದರೆ ಸಾದಾ ದಾರವಷ್ಟೇ ಕಾಣಬೇಕು, ಬೆರಳಲ್ಲಿ ಒತ್ತಿದರೆ ಎಲೆಗಳ ಕೆಳಗೆ ಕಾಗದ ಗಟ್ಟಿಯಾಗಿ ಸಿಗಬೇಕು. ಬಳ್ಳಿ ಮೆತ್ತಗೆ, ಬಟ್ಟೆಗೆ ಅಂಟಿದಂತೆ ಚಪ್ಪಟೆಯಾಗಿದ್ದರೆ ಮೆಷಿನ್ ಕೆಲಸವೇ ಇರಬೇಕು. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಕೈಕೆಲಸದ ಬೆಲೆ ಕೊಡಬೇಡಿ.

ನೀರಿಗೆ ಮಾತ್ರ ಹಾಕಬೇಡಿ, ಕಾಗದ ನೆನೆದರೆ ಕೆಲಸವೆಲ್ಲ ಹಾಳು. ಉಟ್ಟು ಬಿಚ್ಚಿದ ಮೇಲೆ ನೆರಳಲ್ಲಿ ಗಾಳಿಗೆ ಹಾಕಿ, ಕಸೂತಿ ಇರುವ ಜಾಗದಲ್ಲಿ ಮಡಿಕೆ ಬೀಳದಂತೆ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ. ಮದರಂಗಿ ಪೂರ್ತಿ ಒಣಗುವವರೆಗೆ ಉಡುಪಿನ ತೋಳನ್ನು ಮೇಲಕ್ಕೆ ಮಡಚಿ, ಮಡಿಲ ಮೇಲೊಂದು ಟವೆಲ್ ಹಾಕಿ. ಮಖಮಲ್ಲಿಗೆ ಹಿಡಿದ ಆ ಕಲೆ ಹೋಗುವುದಿಲ್ಲ.