‘ಸ್ಮಾಲ್ ಸೆಲ್’ ಅಂದರೆ ಸಣ್ಣ ಕಾಯಿಲೆಯಲ್ಲ

ಪ್ರಶ್ನೆ: ಹೆಂಡತಿಗೆ 41 ವರ್ಷ. ಹಾಸನದಲ್ಲಿ ಬಯಾಪ್ಸಿ ಮಾಡಿಸಿದೆವು. ಗರ್ಭಕಂಠದ ‘ಸ್ಮಾಲ್ ಸೆಲ್ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ’ ಎಂದು ಬಂದಿದೆ, ಗೆಡ್ಡೆ 3 ಸೆಂ.ಮೀ. ‘ಸ್ಮಾಲ್’ ಅಂದರೆ ಚಿಕ್ಕದು ತಾನೇ? ಈ ವಾರವೇ ಗರ್ಭಕೋಶ ತೆಗೆಸಿದರೆ ಮುಗಿಯಿತು ಅನ್ನುತ್ತಾರೆ ನೆಂಟರು.
– ಬೇಲೂರು ತಾಲ್ಲೂಕಿನ ಓದುಗರು

ಮುಗಿಯುವುದಿಲ್ಲ. ಗರ್ಭಕಂಠದ ಕ್ಯಾನ್ಸರ್ ನೂರು ಜನರಿಗಿದ್ದರೆ ಈ ಜಾತಿಯದು ಒಬ್ಬಿಬ್ಬರಿಗೆ. ಆದರೆ ಬಂದ ಪ್ರತಿ ಮನೆಯವರೂ ಇದನ್ನೇ ಕೇಳುತ್ತಾರೆ. ಸ್ಮಾಲ್ ಎಂದದ್ದು ಜೀವಕೋಶದ ಗಾತ್ರಕ್ಕೆ. ಗೆಡ್ಡೆ ಚಿಕ್ಕದಿರುವಾಗಲೇ ಇದು ರಕ್ತ ಸೇರಿ ಶ್ವಾಸಕೋಶ, ಲಿವರ್, ಮೂಳೆ, ಮಿದುಳು ತಲುಪಬಲ್ಲದು. ಹಾಗಾಗಿ ಚಾಕುವಿಗೆ ಮೊದಲು, ರೋಗ ಎಲ್ಲೆಲ್ಲಿ ಹರಡಿದೆ ಎಂದು ತೋರಿಸುವ ಪೆಟ್ ಸಿಟಿ ಸ್ಕ್ಯಾನ್, ಕಿಬ್ಬೊಟ್ಟೆಯ ಎಂಆರ್‌ಐ ಆಗಲೇಬೇಕು.

ಅದಕ್ಕೂ ಮೊದಲು ಬಯಾಪ್ಸಿಯ ತುಣುಕು ಕೂರಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಮತ್ತೊಮ್ಮೆ ಓದಿಸಿ. ಕ್ಯಾನ್ಸರ್ ಈ ಜಾತಿಯದೇ ಎಂದು ಗುರುತಿಸಲು ಆ ತುಣುಕಿನ ಮೇಲೆ ಮಾಡುವ ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್, ಸಿಡಿ56 ಪರೀಕ್ಷೆಗಳಾಗಿವೆಯೇ ನೋಡಿ. ಹೆಸರು ತಪ್ಪಿದರೆ ಔಷಧಿಯೇ ತಪ್ಪುತ್ತದೆ.

ರೋಗ ಗರ್ಭಕಂಠದಲ್ಲೇ ಇದ್ದು 4 ಸೆಂ.ಮೀ. ಒಳಗಿದ್ದರೆ ಶಸ್ತ್ರಚಿಕಿತ್ಸೆಗೆ ಜಾಗವಿದೆ. ಅದು ಊರಲ್ಲಿ ಮಾಡುವ ಮಾಮೂಲಿ ಗರ್ಭಕೋಶದ ಆಪರೇಷನ್ ಅಲ್ಲ. ಸುತ್ತಲಿನ ಅಂಗಾಂಶ, ದುಗ್ಧಗ್ರಂಥಿಗಳನ್ನೂ ತೆಗೆಯುವ ದೊಡ್ಡ ಕೆಲಸ. ಅದರ ನಂತರವೂ ಸಿಸ್‌ಪ್ಲಾಟಿನ್, ಎಟೊಪೊಸೈಡ್ ಕಿಮೋ ಬೇಕು, ಹಲವರಿಗೆ ರೇಡಿಯೇಷನ್ನೂ. ಗೆಡ್ಡೆ ದೊಡ್ಡದಾಗಿದ್ದರೆ ಸಾಮಾನ್ಯವಾಗಿ ಕಿಮೋ, ರೇಡಿಯೇಷನ್‌ನಿಂದಲೇ ಶುರು. ಕಾಫಿ ತೋಟದ ಹೆಣ್ಣುಮಗಳೊಬ್ಬಳು ಬಿಳಿಸೆರಗಿಗೆಂದು ಗರ್ಭಕೋಶ ತೆಗೆಸಿಕೊಂಡು ನನ್ನ ಬಳಿ ಬಂದಿದ್ದಳು. ತೆಗೆದದ್ದನ್ನು ಪರೀಕ್ಷೆಗೇ ಕಳಿಸಿರಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ತಡಮಾಡಿ ಅನ್ನುತ್ತಿಲ್ಲ, ಈ ವಾರವೇ ಹೊರಡಿ. ಆದರೆ ಕ್ಯಾನ್ಸರ್ ತಜ್ಞರ ಬಳಿಗೆ.

ಪ್ರಶ್ನೆ: ಹೋದ ವರ್ಷ ಪ್ಯಾಪ್ (ಗರ್ಭಕಂಠದ ಜೀವಕೋಶಗಳ ಪರೀಕ್ಷೆ) ನಾರ್ಮಲ್ ಇತ್ತು. ಈಗ ಮುಟ್ಟಿನ ನಡುವೆ ರಕ್ತ ಕಾಣುತ್ತಿದೆ. ಕಾಯಬಹುದೇ?
– ಕಡೂರು

ಬೇಡ. ಈ ಜಾತಿಯ ಗೆಡ್ಡೆಯನ್ನು ಪ್ಯಾಪ್ ಎಷ್ಟೋ ಸಲ ಹಿಡಿಯುವುದಿಲ್ಲ.

ಪ್ರಶ್ನೆ: ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದಂತೆ?
– ಅರಸೀಕೆರೆ

ಇಲ್ಲ. ಈ ಸುಳ್ಳು ನಂಬಿ ಕಾಯಿಲೆ ಮುಚ್ಚಿಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಮಗಳಿಗೆ 12. ಎಚ್‌ಪಿವಿ ಲಸಿಕೆ ಇದಕ್ಕೂ ಆಗುತ್ತದೆಯೇ?
– ಹಾಸನ

ಹಾಕಿಸಿ. ಈ ಗೆಡ್ಡೆಗಳಲ್ಲಿ ಹೆಚ್ಚಿನವುಗಳ ಹಿಂದೆಯೂ ಎಚ್‌ಪಿವಿ ವೈರಸ್ಸಿನ 18, 16ನೇ ಬಗೆಗಳಿವೆ.

ಪ್ರಶ್ನೆ: ಕಿಮೋ ಬದಲು ಬೇರಿನ ಕಷಾಯ ಕೊಡುವವರಿದ್ದಾರೆ. ಗಿಡಮೂಲಿಕೆಯಿಂದ ತೊಂದರೆ ಇಲ್ಲವಲ್ಲ?
– ಮೂಡಿಗೆರೆ

ಎಟೊಪೊಸೈಡ್‌ನ ಮೂಲವೂ ಒಂದು ಗಿಡದ ಬೇರೇ. ಅದರ ಸಾರವನ್ನು ಮಾರ್ಪಡಿಸಿ, ಮೈಯಳತೆಗೆ ತಕ್ಕ ಮಿಲಿಗ್ರಾಂ ಲೆಕ್ಕ ಹಾಕಿ, ರಕ್ತಕಣ ಎಣಿಸಿ ಕೊಡುತ್ತೇವೆ. ಚೊಂಬಿನಲ್ಲಿ ಕೊಡುವವನ ಬಳಿ ಯಾವ ಲೆಕ್ಕವಿದೆ? ಈಗಾಗಲೇ ಕುಡಿಸಿದ್ದರೆ ಮುಚ್ಚಿಡದೆ ಕಿಮೋ ವೈದ್ಯರಿಗೆ ಹೇಳಿ. ಸಿಸ್‌ಪ್ಲಾಟಿನ್ ಮೊದಲೇ ಮೂತ್ರಪಿಂಡಕ್ಕೆ ಭಾರ.